ಉದ್ದಪ್ಪನ ಗುಳೆ

ನಮ್ಮ ಜಿಲ್ಲೆಯವರಿಗೆ ‘ಗುಳೆ’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಕೀಲಿ ಹಾಕಿ, ಮುದುಕರನ್ನೂ ಎಮ್ಮೆಯನ್ನೂ ನೆರೆಯವರಿಗೆ ಒಪ್ಪಿಸಿ, ಬುತ್ತಿಯ ಗಂಟಿನೊಡನೆ ಮಂಗಳೂರಿಗೋ ಗೋವೆಗೋ ಬೆಂಗಳೂರಿಗೋ ಹೊರಡುವುದೇ ಗುಳೆ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದ ನನ್ನ ಸಹಪಾಠಿಗಳಲ್ಲಿ ಕೆಲವರು ಅದನ್ನು ಪುಸ್ತಕದಲ್ಲಿ ಓದಿದವರಲ್ಲ. ತಾಯಿಯ ಕಂಕುಳಲ್ಲಿ ಕುಳಿತು ಕಂಡವರು. ನಾನು ಗಂಗಾವತಿ ತಾಲೂಕಿನವನು. ತುಂಗಭದ್ರೆಯ ಎಡದಂಡೆ ಕಾಲುವೆಯ ಕೃಪೆಯಿಂದ ನಮ್ಮ ಕಡೆ ಭತ್ತ ಬೆಳೆಯುತ್ತದೆ. ಆದುದರಿಂದ ಗುಳೆ ಹೋಗುವುದಕ್ಕಿಂತ ಗುಳೆ ಬಂದವರನ್ನು ನೋಡುವುದೇ ನಮಗೆ ಹೆಚ್ಚು ರೂಢಿ. ಆದರೆ ಬಣ್ಣ ಹಚ್ಚುವ ಕೆಲಸವನ್ನು ಹುಡುಕಿಕೊಂಡು ಸಮುದ್ರ ದಾಟಿ ಗುಳೆ ಬಂದವನೊಬ್ಬನನ್ನು ನಾನು ಕಂಡುದು 2024ರ ಜನವರಿಯಲ್ಲಿ.

ನಮ್ಮ ತಂದೆಯವರು ಸಾಣಾಪುರದ ಕೆರೆಯಲ್ಲಿ ಹರಿಗೋಲು ಹಾಕುತ್ತಾರೆ. ಹಂಪಿಯನ್ನು ನೋಡಲು ಬಂದ ಪರದೇಶದವರು ಹೊಳೆ ದಾಟಿ ನಮ್ಮ ಕಡೆಗೂ ಬರುವುದುಂಟು. ಮೊದಲು ಅವರ ಬಿಡಾರವೆಲ್ಲ ವಿರೂಪಾಪುರ ಗಡ್ಡೆಯಲ್ಲಿತ್ತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇರೆಗೆ 2020ರ ಮಾರ್ಚ್ ತಿಂಗಳಲ್ಲಿ ಅಲ್ಲಿಯ ರೆಸಾರ್ಟುಗಳನ್ನು ಕೆಡವಿದ ಮೇಲೆ ಸಾಣಾಪುರ, ಆನೆಗೊಂದಿಗಳ ಸುತ್ತಮುತ್ತ ಇಳಿದುಕೊಳ್ಳತೊಡಗಿದರು. ನನ್ನ ಇಂಗ್ಲಿಷೆಲ್ಲ ಆ ಹರಿಗೋಲಿನಲ್ಲಿ ಕಲಿತದ್ದು. ‘ಅದು ನಿನ್ನ ಉತ್ತರಪತ್ರಿಕೆ ನೋಡಿದರೇ ಗೊತ್ತಾಗುತ್ತದೆ’ ಎಂದು ನಮ್ಮ ಇಂಗ್ಲಿಷ್ ಉಪನ್ಯಾಸಕರು ನಕ್ಕರೆ ನಾನು ತಕರಾರು ಮಾಡುವುದಿಲ್ಲ.

ಆತ ಪೋಲೆಂಡಿನವನು. ಆರೂವರೆ ಅಡಿಗೆ ಒಂದೆರಡು ಬೆರಳು ಕಡಿಮೆ. ಹರಿಗೋಲಿನಲ್ಲಿ ಕೂರಬೇಕಾದರೆ ಛತ್ರಿ ಮಡಚಿದ ಹಾಗೆ ತನ್ನನ್ನು ತಾನೇ ಮಡಚಿಕೊಳ್ಳಬೇಕಾಗಿತ್ತು. ತಂದೆಯವರು ಮೊದಲ ದಿನವೇ ಅವನಿಗೆ ‘ಉದ್ದಪ್ಪ’ ಎಂದು ನಾಮಕರಣ ಮಾಡಿಬಿಟ್ಟರು. ಊರಿನಲ್ಲಿ ಅವನ ನಿಜವಾದ ಹೆಸರನ್ನು ಕೇಳಿದವರೇ ಇಲ್ಲ. ನಾಲ್ಕು ಚೆಂಡುಗಳನ್ನು ಒಟ್ಟಿಗೆ ಗಾಳಿಯಲ್ಲಿ ಆಡಿಸುತ್ತಿದ್ದ. ತನ್ನ ದೇಶದಲ್ಲಿ ಬೀದಿ ಆಟದ ಮೇಳವೊಂದರಲ್ಲಿ ಇದ್ದವನಂತೆ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಕೆರೆಯ ನಟ್ಟನಡುವೆ, ಇದ್ದಕ್ಕಿದ್ದ ಹಾಗೆ ನನ್ನನ್ನು ಕೇಳಿದ: “ನಿಮ್ಮ ಸಿನಿಮಾದಲ್ಲಿ ನನ್ನಂಥವನಿಗೆ ಕೆಲಸ ಸಿಕ್ಕೀತೆ?”

ನನಗೆ ನಗುವೂ ಬಂತು, ಹೊಟ್ಟೆಯಲ್ಲಿ ಸಣ್ಣ ಉರಿಯೂ ಎದ್ದಿತು. ಕಾರಣವನ್ನು ಹೇಳಿಬಿಡುತ್ತೇನೆ. ಪದವಿಪೂರ್ವ ಪರೀಕ್ಷೆ ಮುಗಿದ ಬೇಸಗೆಯಲ್ಲಿ ನಾನೂ ಯಾರಿಗೂ ತಿಳಿಸದೆ ಬೆಂಗಳೂರಿನ ಗಾಂಧಿನಗರಕ್ಕೆ ಹೋಗಿ ಬಂದಿದ್ದೆ, ಅಂಗಿಯ ಜೇಬಿನಲ್ಲಿ ಐದು ಭಾವಚಿತ್ರಗಳನ್ನು ಇಟ್ಟುಕೊಂಡು. ಮೂರು ದಿನ ಮೆಟ್ಟಿಲು ಹತ್ತಿ ಇಳಿದ ಮೇಲೆ ಒಂದು ಕಚೇರಿಯಲ್ಲಿ ಒಬ್ಬರು ನಾಲ್ಕು ಮಾತು ಆಡಿಸಿ ನೋಡಿದರು. “ಮುಖ ಪರವಾಗಿಲ್ಲ. ಭಾಷೆ ಆ ಕಡೆಯದು. ಕಾಮಿಡಿಗೆ ಬೇಕಾದಾಗ ಹೇಳಿ ಕಳಿಸ್ತೀವಿ” ಎಂದರು. ಹೇಳಿ ಕಳಿಸಲಿಲ್ಲ. ಕನ್ನಡದಲ್ಲಿಯೇ ಹುಟ್ಟಿ ಬೆಳೆದವನ ಕನ್ನಡವೇ ‘ಆ ಕಡೆಯದು’ ಆದ ಮೇಲೆ, ಒಂದಕ್ಷರ ಕನ್ನಡ ಬಾರದ ಈ ಮಹಾರಾಯ ಕೇಳುತ್ತಾನಲ್ಲ!

ಉದ್ದಪ್ಪ ಈ ವಿಷಯದಲ್ಲಿ ಪೂರ್ತಿ ಹೊಸಬನಲ್ಲ. ಅದಕ್ಕೆ ಮುಂಚೆ ಥಾಯ್ಲೆಂಡಿನ ಬ್ಯಾಂಕಾಕಿನಲ್ಲಿ ಕೆಲವು ತಿಂಗಳು ಇದ್ದು ಬಂದಿದ್ದ. ಅಲ್ಲಿಯ ಟೀವಿ ಜಾಹೀರಾತಿನಲ್ಲಿ ಬಿಳಿಯ ಮುಖಗಳಿಗೆ ಗಿರಾಕಿ ಇದೆಯಂತೆ. ಇವನು ಒಮ್ಮೆ ಡಾಕ್ಟರನ ಕೋಟು ತೊಟ್ಟು ಔಷಧದ ಸೀಸೆಯೊಂದನ್ನು ಹಿಡಿದು ಮುಗುಳುನಕ್ಕು ಬಂದಿದ್ದನಂತೆ. ಆದರೆ ಪ್ರವಾಸಿಯಾಗಿ ಬಂದವನು ಆ ದೇಶದಲ್ಲಿ ದುಡಿಯುವ ಹಾಗಿಲ್ಲ. ದುಡಿಯಲು ಬೇರೆ ಜಾತಿಯ ವೀಸಾ ಬೇಕು, ಕಾರ್ಮಿಕ ಇಲಾಖೆಯ ಪರವಾನಗಿ ಬೇಕು. ಅದಿಲ್ಲದವನು ಹೆದರುತ್ತ ಹೆದರುತ್ತ ಮುಗುಳುನಗಬೇಕು. “ಹೆದರಿದ ನಗು ಸೀಸೆಯ ಔಷಧಕ್ಕೆ ಚೆನ್ನಾಗಿ ಒಪ್ಪಿತು” ಎಂದು ಅವನೇ ಹೇಳಿ ನಕ್ಕ.

ಅಲ್ಲಿ ಅವನ ಕಣ್ಣು ಕುಕ್ಕಿದ್ದು ಜಾಹೀರಾತಲ್ಲ, ಜೋನಾಸ್ ಆ್ಯಂಡರ್ಸನ್ ಎಂಬ ಸ್ವೀಡನ್ನಿನವನ ಹಾಡು. ಚಿಕ್ಕಂದಿನಲ್ಲಿಯೇ ಥಾಯ್ಲೆಂಡಿಗೆ ಬಂದು ಬೆಳೆದ ಆತ ಅಲ್ಲಿಯ ‘ಲೂಕ್ ಥುಂಗ್’ ಎಂಬ ಪ್ರಕಾರದ ಗಾಯಕ. ಲೂಕ್ ಥುಂಗ್ ಎಂದರೆ ‘ಹೊಲದ ಕೂಸು’ ಎಂದು ಅರ್ಥ. ಭತ್ತದ ಗದ್ದೆಯನ್ನು ಬಿಟ್ಟು ಪಟ್ಟಣಕ್ಕೆ ದುಡಿಯಹೋದವರ ಹಾಡು ಅದು, ಅರ್ಥಾತ್ ಅವರ ಗುಳೆಯ ಹಾಡು. ಕ್ರಿಸ್ಟಿ ಗಿಬ್ಸನ್ ಎಂಬಾಕೆಯೂ ಅದೇ ಹಾಡುಗಳಿಂದಲೇ ಅಲ್ಲಿ ಹೆಸರಾದವಳು. ಬಿಳಿಯ ಮುಖವನ್ನು ನೋಡಲು ಬಂದ ಹಳ್ಳಿಗರು ಹಾಡು ಕೇಳಿ ಕೂತುಬಿಟ್ಟರಂತೆ. ಇದನ್ನು ಹೇಳುವಾಗ ಉದ್ದಪ್ಪನ ದನಿ ಸ್ವಲ್ಪ ತಗ್ಗಿತು. ಅವನ ಆಸೆ ಸೀಸೆ ಹಿಡಿಯುವುದಲ್ಲ ಎಂದು ನನಗೆ ಆಗಲೇ ತಿಳಿಯಬೇಕಾಗಿತ್ತು.

ಹೀಗಿರಲು, ದೈವಯೋಗವೋ ಏನೋ, ವಾರದೊಳಗೆ ಒಂದು ಚಿತ್ರತಂಡ ನಮ್ಮ ಬಂಡೆಗಳ ಕಡೆಗೆ ಬಂದಿಳಿಯಿತು. ನಮ್ಮ ಬಂಡೆಗಳಿಗೆ ಸಿನಿಮಾದ ಋಣ ಹಳೆಯದು. ಜಾಕಿ ಚಾನ್ ಎಂಬ ಚೀನಾದ ವೀರ 2005ರಲ್ಲಿ ತೆರೆಕಂಡ ‘ದಿ ಮಿಥ್’ ಚಿತ್ರಕ್ಕಾಗಿ ಹಂಪಿಗೆ ಬಂದಿದ್ದನ್ನು ನಮ್ಮ ಹಿರಿಯರು ಶ್ರೀರಾಮನು ಬಂದು ಹೋದಷ್ಟೇ ನಂಬಿಕೆಯಿಂದ ಹೇಳುತ್ತಾರೆ. ಈ ತಂಡಕ್ಕೆ ಕುಂಪಣಿ ಸರಕಾರದ ಸಿಪಾಯಿಗಳಾಗಿ ನಿಲ್ಲಲು ನಾಲ್ವರು ಬಿಳಿಯರು ಬೇಕಾಗಿದ್ದರು. ಮುಂಬಯಿಯಲ್ಲಾದರೆ ಇದಕ್ಕೆ ದಲ್ಲಾಳಿಗಳೇ ಇದ್ದಾರೆ. ಕೊಲಾಬಾದ ಅಗ್ಗದ ವಸತಿಗೃಹಗಳ ಮುಂದೆ ನಿಂತು, ಬಿಳಿಯ ಪ್ರವಾಸಿಗಳನ್ನು ಮಾತನಾಡಿಸಿ, ದಿನದ ಮಟ್ಟಿಗೆ ಮೋಟಾರು ಹತ್ತಿಸಿಕೊಂಡು ಹೋಗುತ್ತಾರೆ. ಸಾಣಾಪುರದಲ್ಲಿ ಅಂಥ ದಲ್ಲಾಳಿ ಇರಲಿಲ್ಲ. ನಾನಾದೆ.

ತಲೆಗೆ ಐನೂರು ರೂಪಾಯಿಯಂತೆ ನನಗೆ ದಲ್ಲಾಳಿ. ಅವರಿಗೆ ದಿನಕ್ಕೆ ಮೂರು ಸಾವಿರ ಎಂದು ಮಾತಾಯಿತು. ಉದ್ದಪ್ಪನನ್ನೂ ಬೇರೆ ಬೇರೆ ವಸತಿಗೃಹಗಳಿಂದ ಇನ್ನು ಮೂವರನ್ನೂ ಕೂಡಿಸಿಕೊಂಡು ನಸುಕಿನಲ್ಲಿಯೇ ಹಾಜರಾದೆ. ನನ್ನ ಎರಡು ಸಾವಿರ ಬೆಳಿಗ್ಗೆಯೇ ಕೈಸೇರಿತು. ಅದಕ್ಕೆ ಮೊದಲು ನಾನು ಒಂದೇ ಸಲಕ್ಕೆ ಅಷ್ಟು ಹಣವನ್ನು ದುಡಿದವನಲ್ಲ.

ಚಿತ್ರೀಕರಣವೆಂದರೆ ಏನೋ ಎಂದುಕೊಂಡಿದ್ದೆ. ಅದು ಕಾಯುವ ಕೆಲಸ. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ನಾಲ್ವರೂ ಉಣ್ಣೆಯ ಕೆಂಪು ಕೋಟು ತೊಟ್ಟು ಕಾದ ಬಂಡೆಯ ಮೇಲೆ ನಿಂತರು. ಉದ್ದಪ್ಪನ ಅಳತೆಯ ಕೋಟು ಇರಲಿಲ್ಲವಾದ ಕಾರಣ ಅವನ ಮುಂಗೈ ಒಂದು ಗೇಣು ಹೊರಗೆ ಇಣುಕುತ್ತಿತ್ತು. ಕೈ ಕಾಣದಂತೆ ಬಂದೂಕನ್ನು ಎದೆಗೆ ಅವಚಿಕೊಳ್ಳಲು ಹೇಳಿದರು. ಒಂದು ಸಾಲಿನ ಮಾತು ಇತ್ತು. ಅವನು ಅದನ್ನು ನನ್ನಿಂದ ಇಪ್ಪತ್ತು ಸಲ ಹೇಳಿಸಿ ಬಾಯಿಪಾಠ ಮಾಡಿದ. ಬಂಡೆಯ ಮರೆಗೆ ಹೋಗಿ ನಿಂತು, ಕಣ್ಣು ಮುಚ್ಚಿ, ಪೂಜಾರಿ ಮಂತ್ರ ಹೇಳುವಂತೆ ಹೇಳಿಕೊಳ್ಳುತ್ತಿದ್ದ. ಕ್ಯಾಮೆರಾದ ಮುಂದೆ ಬಂದಾಗ ಸಹಾಯಕನೊಬ್ಬ ನನಗೆ ಹೇಳಿದ: “ಬಾಯಿ ಆಡಿಸಿದರೆ ಸಾಕು ಅಂತ ಹೇಳು. ದನಿ ಬೇರೆಯವರದು.” ನಾನು ಆ ಮಾತನ್ನು ಅನುವಾದಿಸಲಿಲ್ಲ. ಅವನು ಪೂರ್ತಿ ಸಾಲನ್ನು ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಿದ. ಸಂಜೆಗೆ ಕೈಗೆ ಬಂದುದು ಎರಡು ಸಾವಿರ ಮಾತ್ರ. ಉಳಿದ ಸಾವಿರದ ಮಾತು ಕೇಳುವ ಧೈರ್ಯ ನನಗಾಗಲಿಲ್ಲ, ಏಕೆಂದರೆ ನನ್ನ ಪಾಲು ಆಗಲೇ ಜೇಬಿನಲ್ಲಿತ್ತು.

ಅಂದು ರಾತ್ರಿ ಅವನು ಇಳಿದುಕೊಂಡಿದ್ದ ಮನೆಯ ಯಜಮಾನರು ನನ್ನನ್ನು ಕರೆದು ಕೇಳಿದರು: “ತಮ್ಮಾ, ಅವರ ವೀಸಾ ಯಾವ್ದು ಐತಿ ನೋಡೀಯೇನು?”

ನಾನು ನೋಡಿರಲಿಲ್ಲ. ನೋಡಬೇಕೆಂಬುದೇ ತಿಳಿದಿರಲಿಲ್ಲ. ಪರದೇಶದವರು ಬಂದಿಳಿದ ಇಪ್ಪತ್ತನಾಲ್ಕು ತಾಸಿನೊಳಗೆ ‘ಸಿ’ ನಮೂನೆಯಲ್ಲಿ ಅವರ ವಿವರವನ್ನು ಸರಕಾರಕ್ಕೆ ಒಪ್ಪಿಸುವುದು ಆಗ ವಸತಿ ಕೊಟ್ಟವರ ಹೊಣೆಯಾಗಿತ್ತು. ಆದುದರಿಂದ ಆ ಯಜಮಾನರಿಗೆ ಇವೆಲ್ಲ ಅಂಗೈ ಗೆರೆಯಂತೆ ಗೊತ್ತಿತ್ತು. ಪ್ರವಾಸಿ ವೀಸಾದ ಮೇಲೆ ಬಂದವನು ಒಂದು ದಿನವಾದರೂ ಕೂಲಿ ಪಡೆದು ದುಡಿಯುವಂತಿಲ್ಲ. ದುಡಿಯಬೇಕಾದರೆ ಉದ್ಯೋಗ ವೀಸಾ ಬೇಕು. ಅದು ಬೇಕಾದರೆ ಇಲ್ಲಿಯ ಸಂಸ್ಥೆಯೊಂದು ಅವನನ್ನು ಕರೆಸಿಕೊಳ್ಳಬೇಕು, ಇಲ್ಲಿಯವರಲ್ಲಿ ಯೋಗ್ಯರು ಸಿಗುವಂಥ ಕೆಲಸ ಅದಾಗಿರಬಾರದು, ಮತ್ತು ಸಂಬಳ ವರ್ಷಕ್ಕೆ 16.25 ಲಕ್ಷ ರೂಪಾಯಿಗೆ ಮೀರಿರಬೇಕು. ನಮ್ಮ ಕಾಲೇಜಿನ ಅತಿಥಿ ಉಪನ್ಯಾಸಕರು ಈ ಅಂಕಿಯನ್ನು ಓದಿ ನಿಟ್ಟುಸಿರು ಬಿಟ್ಟರೆ ಅದು ನನ್ನ ತಪ್ಪಲ್ಲ. ತಮ್ಮ ದೇಶದ ಅಡುಗೆ ಮಾಡಲು ಬಂದವರಿಗೆ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರಿಗೆ ಸಂಬಳದ ವಿಷಯದಲ್ಲಿ ರಿಯಾಯಿತಿ ಉಂಟು. ದಿನಗೂಲಿಗೆ ಬಂಡೆಯ ಮೇಲೆ ನಿಲ್ಲುವ ಕುಂಪಣಿ ಸಿಪಾಯಿಯ ಹೆಸರನ್ನು ಆ ಪಟ್ಟಿಯಲ್ಲಿ ನಾನು ಕಾಣಲಿಲ್ಲ. ಸಿಕ್ಕಿಬಿದ್ದರೆ ಆಗ ಜಾರಿಯಲ್ಲಿದ್ದ 1946ರ ವಿದೇಶಿಯರ ಕಾಯ್ದೆಯ ಪ್ರಕಾರ ಐದು ವರ್ಷದವರೆಗೆ ಸೆರೆಮನೆಯ ಶಿಕ್ಷೆಗೆ ಅವಕಾಶವಿತ್ತು. 2025ರಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸದು ಬಂದಿದೆ. ವೀಸಾದ ಕಟ್ಟಳೆ ಮುರಿದವನಿಗೆ ಅದರಲ್ಲಿಯೂ ಮೂರು ವರ್ಷದವರೆಗೆ ಸೆರೆ, ಮೂರು ಲಕ್ಷದವರೆಗೆ ದಂಡ.

ಐನೂರು ರೂಪಾಯಿಗೆ ಒಬ್ಬನನ್ನು ನಾನು ಎಂಥ ಜಾಗದಲ್ಲಿ ನಿಲ್ಲಿಸಿ ಬಂದಿದ್ದೆ! ಆ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರನೆಯ ದಿನ ಮುಂಜಾನೆ ಪೊಲೀಸರಿಬ್ಬರು ವಸತಿಗೃಹಗಳ ದಾಖಲೆ ನೋಡಲು ಬಂದರು. ಅದು ವಾಡಿಕೆಯ ತಪಾಸಣೆಯೆಂದು ಈಗ ಗೊತ್ತು, ಅಂದು ಗೊತ್ತಿರಲಿಲ್ಲ. ನಾನು ಹಿತ್ತಲ ಗೋಡೆಯ ಮರೆಗೆ ನಿಂತೆ. ಉದ್ದಪ್ಪ ಜಗಲಿಯ ಮೇಲೆ ಚೆಂಡುಗಳನ್ನು ಆಡಿಸುತ್ತ ಕುಳಿತಿದ್ದ. ಪಾಸುಪೋರ್ಟನ್ನು ತಿರುವಿ ನೋಡಿದ ಹಿರಿಯ ಪೇದೆ, ಅರ್ಥವಾಗುವುದಿಲ್ಲವೆಂದು ತಿಳಿದೇ ಇರಬೇಕು, ಕನ್ನಡದಲ್ಲಿ ಕೇಳಿದರು: “ಏನ್ ಮಾಡಾಕ್ಹತ್ತಿಯೋ ಮಾರಾಯಾ ಇಲ್ಲಿ?”

ಉದ್ದಪ್ಪ ಚೆಂಡು ಕೆಳಗಿಟ್ಟು, “ಸುಮ್ನ ಅದೀನ್ರಿ” ಎಂದ.

ಅದು ಅವನು ಹರಿಗೋಲಿನಲ್ಲಿ ನಮ್ಮ ತಂದೆಯವರಿಂದ ಕಲಿತ ಮಾತು. ಪೇದೆಗಳಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಚಹಾ ಕುಡಿದರು, ಅವನೊಡನೆ ಭಾವಚಿತ್ರ ತೆಗೆಸಿಕೊಂಡು ಹೋದರು. ಅವನು ನನ್ನ ಹೆಸರನ್ನು ಎತ್ತಲಿಲ್ಲ. ನಾನು ಗೋಡೆಯ ಹಿಂದೆ ನಿಂತದ್ದನ್ನು ಅವನು ಕಂಡಿದ್ದನೆಂದು ಆಮೇಲೆ ತಿಳಿಯಿತು.

ಅವನ ಪಾಲಿನ ಐನೂರನ್ನು ಅವನ ಮುಂದೆ ಇಟ್ಟೆ. ಮುಟ್ಟಲಿಲ್ಲ. ‘ಇದಕ್ಕೆ ಬದಲಾಗಿ ದಿನಕ್ಕೆ ಹತ್ತು ಮಾತು ಕಲಿಸು’ ಎಂದ. ಹಾಗೆ ನಾನು ಇಂಗ್ಲಿಷ್ ಅಲ್ಲದ ಭಾಷೆಯನ್ನು ಕಲಿಸುವವನಾದೆ, ಯಾವ ವೀಸಾದ ತೊಡಕೂ ಇಲ್ಲದೆ.

ಆ ದಿನಗಳಲ್ಲಿ ನಾನು ಈ ಗುಳೆಯ ಚರಿತ್ರೆಯನ್ನು ಸ್ವಲ್ಪ ಕೆದಕಿದೆ. ಆಸ್ಟ್ರೇಲಿಯದ ಪರ್ತ್‌ನಲ್ಲಿ 1908ರಲ್ಲಿ ಹುಟ್ಟಿದ ಮೇರಿ ಇವಾನ್ಸ್ ಎಂಬಾಕೆ ಸರ್ಕಸ್ಸಿನಲ್ಲಿದ್ದು, 1935ರ ‘ಹಂಟರ್‌ವಾಲಿ’ಯಲ್ಲಿ ಚಾಟಿ ಬೀಸಿ ನಾಡಿಯಾ ಎಂಬ ಹೆಸರಿನಿಂದ ಮುಂಬಯಿಯನ್ನು ಗೆದ್ದಳು. ಅದೇ ದೇಶದ ಬಾಬ್ ಕ್ರಿಸ್ಟೋ ಇಂಜಿನಿಯರಿಕೆ ಬಿಟ್ಟು ಹಿಂದಿ ಚಿತ್ರಗಳಲ್ಲಿ ವರ್ಷಗಟ್ಟಲೆ ನಾಯಕರಿಂದ ಒದೆ ತಿಂದು, ಕಡೆಗೆ ನಮ್ಮ ಬೆಂಗಳೂರಿನಲ್ಲಿ ಯೋಗ ಕಲಿಸುತ್ತ ಇದ್ದು 2011ರಲ್ಲಿ ಅಲ್ಲಿಯೇ ತೀರಿಕೊಂಡ. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದವರು ಇವರಲ್ಲ, ನಮ್ಮವರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತಯಾರಾದದ್ದು ಕನ್ನಡ ನಾಡಿನಲ್ಲಲ್ಲ, ಕೊಲ್ಹಾಪುರದ ಛತ್ರಪತಿ ಸಿನಿಟೋನಿನಲ್ಲಿ. ನಮ್ಮ ನಟರೇ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋದರು. ಬೀಳಗಿಯ ಅಕ್ಕತಂಗಿಯರು ಗೋಹರಬಾಯಿ, ಅಮೀರಬಾಯಿ ಇನ್ನೂ ದೂರ ಹೋದರು. ಒಬ್ಬಳು ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆಗೆ ನಿಂತಳು. ಇನ್ನೊಬ್ಬಳು ಮುಂಬಯಿಯ ಹಿಂದಿ ಚಿತ್ರಗಳ ಹೆಸರಾಂತ ಗಾಯಕಿಯಾಗಿ 1943ರ ‘ಕಿಸ್ಮತ್’ನಲ್ಲಿ ಹಾಡಿದಳು. ಇಬ್ಬರೂ ಹೆಸರಿನ ಮುಂದೆ ‘ಕರ್ನಾಟಕಿ’ ಎಂದೇ ಇಟ್ಟುಕೊಂಡರು. ಮರಾಠಿಯನ್ನೂ ಉರ್ದುವನ್ನೂ ಅವರು ಮೊದಲು ಹೇಗೆ ತಪ್ಪಾಗಿ ಉಚ್ಚರಿಸಿರಬೇಕು, ಯಾರು ಯಾರು ನಕ್ಕಿರಬೇಕು ಎಂದು ನಾನು ಯೋಚಿಸುತ್ತೇನೆ. ಗಾಂಧಿನಗರದ ಆ ಕಚೇರಿ ನೆನಪಾಗುತ್ತದೆ.

ಫೆಬ್ರುವರಿಯಲ್ಲಿ ಉದ್ದಪ್ಪನನ್ನು ಕರೆದುಕೊಂಡು ಕೊಪ್ಪಳ ತಾಲೂಕಿನ ಹಳ್ಳಿಯೊಂದಕ್ಕೆ ತೊಗಲುಗೊಂಬೆಯ ಆಟ ನೋಡಲು ಹೋದೆ. ಈ ಆಟಕ್ಕೆ ಹೆಸರಾದುದು ಅದೇ ತಾಲೂಕಿನ ಮೋರನಾಳ. ಅಲ್ಲಿಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಮರುವರ್ಷ, 2025ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ ಪದ್ಮಶ್ರೀ ಬಂದುದನ್ನು ವಾಚಕರೆಲ್ಲ ಬಲ್ಲರು. ಹೊರದೇಶಗಳಲ್ಲಿಯೂ ಪರದೆ ಕಟ್ಟಿ ಬಂದ ಹಿರಿಯ ಜೀವ ಅದು. ಮಳೆ ಬಾರದ ವರ್ಷ ಊರವರು ಹಣ ಕೂಡಿಸಿ ಗೊಂಬೆಯಾಟ ಆಡಿಸುವ ಪದ್ಧತಿ ನಮ್ಮಲ್ಲಿದೆ. ಮಳೆ ಬಂದರೆ ಗುಳೆ ತಪ್ಪಿತು ಎಂಬ ಆಸೆಯಿಂದ.

ಹಿಂದೆ ದೀಪ, ಮುಂದೆ ಬಿಳಿಯ ಪರದೆ. ಹದ ಮಾಡಿದ ತೊಗಲಿಗೆ ಬಣ್ಣ ಹಾಕಿ ಕೊರೆದ ರಾವಣ ದೀಪದ ಮುಂದೆ ಬಂದಾಗ ಕೆಂಪು ಗಾಜಿನಂತೆ ಬೆಳಗಿದ. ಕಿಳ್ಳೇಕ್ಯಾತ, ಬಂಗಾರಕ್ಕರು ಬಂದು ಹಾಸ್ಯ ಮಾಡಿದಾಗ ಜನರೆಲ್ಲ ಬಿದ್ದು ಬಿದ್ದು ನಕ್ಕರು. ಉದ್ದಪ್ಪ ಪರದೆಯ ಮುಂದೆ ಹತ್ತು ನಿಮಿಷವೂ ಕೂರಲಿಲ್ಲ, ಹಿಂದಕ್ಕೆ ಹೋಗಿಬಿಟ್ಟ. ಆಟದ ನಡುವೆ ಅವನು ಬಂದು ನನ್ನ ಕಿವಿಯಲ್ಲಿ ಕೇಳಿದ: “ಅವರು ತಮ್ಮತಮ್ಮಲ್ಲಿ ಆಡುವ ಮಾತು ನೀನು ಕಲಿಸಿದ್ದಲ್ಲವಲ್ಲ?”

ಅವನ ಕಿವಿ ಅಷ್ಟು ಚುರುಕಾಗಿತ್ತು. ಶಿಳ್ಳೇಕ್ಯಾತರ ಮನೆಮಾತು ಮರಾಠಿಯ ಒಂದು ಬಗೆ. ಎಷ್ಟೋ ತಲೆಮಾರುಗಳ ಹಿಂದೆ ಆ ಕಡೆಯಿಂದ ಬಂದು, ಹಳ್ಳಿ ಹಳ್ಳಿ ಸುತ್ತಿ, ಹಗಲು ಹೊಳೆಯಲ್ಲಿ ಮೀನು ಹಿಡಿದು, ರಾತ್ರಿ ನಮಗೆ ರಾಮಾಯಣವನ್ನು ಕನ್ನಡದಲ್ಲಿ ಹೇಳಿದವರು. ಒಲೆಯ ಮುಂದೆ ಒಂದು ಭಾಷೆ, ಪರದೆಯ ಹಿಂದೆ ಇನ್ನೊಂದು. ‘ಇವರು ಎಲ್ಲಿಯವರು’ ಎಂದು ಉದ್ದಪ್ಪ ಕೇಳಿದಾಗ ನಾನು ಯೋಚಿಸದೆ “ಇಲ್ಲಿಯವರೇ” ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಅಮೇಲೆ ಮತ್ತೆ ಪರದೆಯ ಹಿಂದಕ್ಕೆ ಹೋದ. ಲಂಕಾದಹನದ ಹೊತ್ತಿಗೆ ಯಾರೋ ಅವನ ಕೈಗೆ ತಾಳ ಕೊಟ್ಟಿದ್ದರು. ಪರದೆಯ ಮೇಲೆ ಒಮ್ಮೊಮ್ಮೆ ಅವನ ಉದ್ದ ತೋಳಿನ ನೆರಳೂ ಬೀಳುತ್ತಿತ್ತು. ಮಕ್ಕಳು ಅದನ್ನು ಹನುಮಂತನ ಬಾಲವೆಂದು ಕೂಗುತ್ತಿದ್ದರು. ಅಂದು ಅವನಿಗೆ ಸಿಕ್ಕಿದ್ದು ಬೆಳಗಿನ ಜಾವದ ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ. ಕಾಯ್ದೆಯ ಕಣ್ಣಿನಲ್ಲಿ ಅದೂ ಕೂಲಿಯೇ ಆದೀತೇನೋ, ನಾನು ಕೇಳಲು ಹೋಗಲಿಲ್ಲ.

ಮಾರ್ಚ್‌ನಲ್ಲಿ ವೀಸಾದ ಅವಧಿ ಮುಗಿಯುವ ಮೊದಲೇ ಹೊರಟುಹೋದ. ಗಂಗಾವತಿಯ ಬಸ್ ನಿಲ್ದಾಣದಲ್ಲಿ ಹೂವು ಮಾರುವ ಮುದುಕಿಯೊಡನೆ ಎರಡು ಮೊಳ ಮಲ್ಲಿಗೆಗೆ ಚೌಕಾಶಿ ಮಾಡಿ, ಐದು ರೂಪಾಯಿ ಇಳಿಸಿ, ಆ ಹೂವನ್ನು ನನ್ನ ತಾಯಿಗೆ ಕೊಡೆಂದು ನನ್ನ ಕೈಗೆ ಕೊಟ್ಟ.

ಆ ಚಿತ್ರ ಗಂಗಾವತಿಗೆ ಬಂದಾಗ ತಂದೆಯವರನ್ನು ಕರೆದುಕೊಂಡು ಹೋದೆ. ಇಂಟರ್ವಲ್ ಆದ ಮೇಲೆ ನಮ್ಮ ಬಂಡೆಗಳು ಬಂದವು. ಕೆಂಪು ಕೋಟು, ಟೋಪಿ, ಎದೆಗೆ ಅವಚಿದ ಬಂದೂಕು. ನಾನು ತಂದೆಯವರ ಕೈ ಅದುಮಿದೆ. ಉದ್ದಪ್ಪನ ಬಾಯಿ ಅಗಲವಾಗಿ ತೆರೆಯಿತು. ಒಳಗಿನಿಂದ ಯಾರದೋ ದನಿ, ಸಿನಿಮಾದ ಬಿಳಿಯರೆಲ್ಲ ಆಡುವ ಆ ತೊದಲುಗನ್ನಡ, ‘ನಾನು’ ಎನ್ನುವುದಕ್ಕೆ ‘ನಾನ್ನೂ’ ಎಂದು ಎಳೆದು ಹೊರಬಿತ್ತು. ಸುತ್ತಲಿನವರು ನಕ್ಕರು. ಕಣ್ಣು ಮಿಟುಕಿಸುವಷ್ಟರಲ್ಲಿ ನಾಯಕ ಅವನನ್ನು ಬಂಡೆಯಿಂದ ಕೆಳಕ್ಕೆ ದೂಡಿಬಿಟ್ಟ.

ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಬಂದು ಬೀಡಿ ಹಚ್ಚಿಕೊಂಡು, “ಅಲ್ಲೋ, ನಮ್ಮ ಉದ್ದಪ್ಪ ಇಷ್ಟು ಕೆಟ್ಟ ಮಾತಾಡ್ತಿದ್ದಿಲ್ಲಲ್ಲೋ” ಎಂದರು.